ಜಕಾರ್ತ ಕುಸಿಯುತ್ತಿರುವುದು ಜನರ ಭಾರಕ್ಕಲ್ಲ

ನಿನ್ನೆ ಇಂಡೊನೇಷ್ಯಾದ ಜಕಾರ್ತದ ಬಗ್ಗೆ ಒಂದು ವಿಡಿಯೊ ನೋಡಿದೆ. ಆಗಿನಿಂದ ಸಿಟ್ಟು ಇಳಿದಿಲ್ಲ.

ಉತ್ತರ ಜಕಾರ್ತದ ಮುವಾರಾ ಬಾರುವಿನಲ್ಲಿ ನೀರು ನುಂಗಿದ ವಾಲ್ ಅದುನಾ ಮಸೀದಿ ಇದೆ. ಅದರ ಪಕ್ಕದಲ್ಲೇ ಸಮುದ್ರ ತಡೆಯುವ ಗೋಡೆ. ಗೋಡೆಯ ಈಚೆ ಜನ ಸಂಸಾರ ಮಾಡುತ್ತಿರುವ ನೆಲ ಸಮುದ್ರಕ್ಕಿಂತ ಕೆಳಗಿದೆ. ಇಷ್ಟೆಲ್ಲ ತೋರಿಸಿದ ಮೇಲೆ ನಿರೂಪಕರು ಕಾರಣ ಹೇಳಿದ್ದು ಒಂದೇ ಸಾಲಿನಲ್ಲಿ: ಜನ ಜಾಸ್ತಿಯಾದರು.

ಅಂತರ್ಜಲದ ಕೆಲಸದಲ್ಲೇ ನನ್ನ ಅರ್ಧ ಆಯುಷ್ಯ ಹೋಗಿದೆ, ನಿಮಗೆ ಗೊತ್ತು. ಅದಕ್ಕೇ ಈ ಮಾತು ಸಹಿಸಲು ಆಗುತ್ತಿಲ್ಲ. ಊರು ಕುಸಿಯುತ್ತಿರುವುದು ಮುಖ್ಯವಾಗಿ ಅದರ ಅಡಿಯ ನೀರನ್ನು ಎಳೆದದ್ದಕ್ಕೆ. 13 ನದಿಗಳು ತಂದು ಹಾಕಿದ ಮೆತ್ತನೆ ಮಣ್ಣಿನ ಮೇಲೆ ಕೂತಿರುವ ನಗರ ಅದು. ಜೇಡಿ ಪದರಗಳ ಸಂದಿಯಲ್ಲಿರುವ ನೀರು ಹೊರಬಂದರೆ ಜೇಡಿ ಒತ್ತಿಕೊಳ್ಳುತ್ತದೆ. ಆಮೇಲೆ ಎಷ್ಟು ಮಳೆ ಬಂದರೂ ಅದು ಮೊದಲಿನ ಹಾಗೆ ಉಬ್ಬುವುದಿಲ್ಲ. ಮಳೆ ನೀರು ಇಂಗೋಣ ಅಂದರೂ ಮೇಲೆಲ್ಲ ಕಾಂಕ್ರೀಟ್. ಸಮುದ್ರ ವರ್ಷಕ್ಕೆ ಏರುವುದು ಕೆಲವು ಮಿಲಿಮೀಟರ್. ಉತ್ತರ ಜಕಾರ್ತದ ಕೆಲವು ಕಡೆ ನೆಲ ಹತ್ತೇ ವರ್ಷದಲ್ಲಿ ಸುಮಾರು 2.5 ಮೀಟರ್ ಇಳಿದಿದೆ.

ನೀರು ಎಳೆದವರು ಯಾರು? ನಲ್ಲಿ ಇಲ್ಲದ ಮನೆಯವರು ಎಳೆದರು, ನಿಜ. ಅವರು ಇನ್ನೇನು ಮಾಡಬೇಕಿತ್ತು? ನದಿ ನೀರು ಬಾಯಿಗೆ ಇಡುವಂತಿಲ್ಲ. 1998ರಿಂದ 2023ರ ಆರಂಭದವರೆಗೆ ನಗರದ ನೀರು ಪೂರೈಕೆ ಖಾಸಗಿ ಗುತ್ತಿಗೆಯಲ್ಲಿತ್ತು. ಗುತ್ತಿಗೆ ಮುಗಿದಾಗಲೂ ಲಕ್ಷಾಂತರ ಜನರಿಗೆ ಪೈಪಿನ ನೀರು ಸಿಕ್ಕಿರಲಿಲ್ಲ. ಇತ್ತ ಹೋಟೆಲು, ಮಾಲು, ಕಾರ್ಖಾನೆಗಳು ತಮ್ಮ ಆಳದ ಬಾವಿಗಳಿಂದ ಎತ್ತುತ್ತಲೇ ಇದ್ದವು.

ವಿಶ್ವಸಂಸ್ಥೆಯ 2025ರ ಲೆಕ್ಕದಲ್ಲಿ ಸುತ್ತಲಿನ ಊರುಗಳೂ ಸೇರಿ ಜಕಾರ್ತದಲ್ಲಿ ಸುಮಾರು 4.2 ಕೋಟಿ ಜನ. ಜಗತ್ತಿನಲ್ಲೇ ದೊಡ್ಡ ನಗರ. ಇಷ್ಟು ಜನರ ಹೊರೆ ಏನೂ ಅಲ್ಲವಾ ಅಂತ ಕೇಳಬಹುದು. ಹೊರೆಯೇ. ಕಟ್ಟಡಗಳ ತೂಕಕ್ಕೂ ನೆಲ ಸ್ವಲ್ಪ ಇಳಿಯುತ್ತದೆ. ಆದರೆ ಟೋಕಿಯೊ ನೋಡಿ. ಅಲ್ಲಿನ ಕೋಟೊ ಪ್ರದೇಶ ಕಳೆದ ಶತಮಾನದಲ್ಲಿ 4 ಮೀಟರಿಗಿಂತ ಜಾಸ್ತಿ ಕುಸಿದಿತ್ತು. ಕಾನೂನು ತಂದು ಪಂಪುಗಳಿಗೆ ಕಡಿವಾಣ ಹಾಕಿದರು, ಕುಸಿತ ಹೆಚ್ಚುಕಡಿಮೆ ನಿಂತಿತು. ಟೋಕಿಯೊ ಖಾಲಿಯಾಗಲಿಲ್ಲ, ಇನ್ನೂ ಬೆಳೆಯಿತು.

ನಾನು ಆರು ಮಕ್ಕಳ ಮನೆಯ ಕೊನೆಯವನು. ಜನ ಜಾಸ್ತಿ ಅಂತ ಯಾರಾದರೂ ಸಲೀಸಾಗಿ ಹೇಳಿದಾಗ ಆ ಜಾಸ್ತಿಯಾದವನು ನಾನೇ ಅನ್ನಿಸುತ್ತದೆ. ವಿಡಿಯೊದಲ್ಲಿ ಗೋಡೆಯ ಪಕ್ಕ ಮಗುವನ್ನು ಎತ್ತಿಕೊಂಡು ನಿಂತ ಒಬ್ಬ ತಾಯಿಯನ್ನು ತೋರಿಸುತ್ತಾ ಈ ಮಾತು ಹೇಳಿದರಲ್ಲ, ಅದು ನನಗೆ ಚುಚ್ಚಿತು. ಅವಳ ಮಗುವಿನಿಂದ ನೆಲ ಕುಸಿಯಲಿಲ್ಲ. ಅವಳ ಮನೆಗೆ ಪೈಪ್ ಎಳೆಯದೆ ಬಿಟ್ಟವರನ್ನು ಯಾರೂ ಜಾಸ್ತಿ ಅನ್ನಲಿಲ್ಲ.

2019ರಲ್ಲಿ ಆಗಿನ ಅಧ್ಯಕ್ಷ ಜೋಕೊ ವಿಡೊಡೊ ರಾಜಧಾನಿಯನ್ನೇ ಬೋರ್ನಿಯೊ ದ್ವೀಪಕ್ಕೆ ಸಾಗಿಸುವುದಾಗಿ ಹೇಳಿದರು. ಅಲ್ಲಿ ನುಸಂತಾರ ಅನ್ನುವ ಹೊಸ ನಗರ ಕಟ್ಟುತ್ತಿದ್ದಾರೆ. ಕಚೇರಿಗಳು ಹೋಗಬಹುದು. ಮೀನು ಹಿಡಿಯುವವರು, ಮೀನು ಮಾರುವವರು ಎಲ್ಲಿಗೆ ಹೋಗುತ್ತಾರೆ? ಅವರ ಕಾಲಡಿಯ ಪಂಪುಗಳು ನಿಲ್ಲುತ್ತವಾ?

2023ರ ಆಗಸ್ಟ್‌ನಿಂದ ನಗರದ ಕೆಲವು ವಲಯಗಳಲ್ಲಿ ದೊಡ್ಡ ಕಟ್ಟಡಗಳು ಅಂತರ್ಜಲ ಎತ್ತುವಂತಿಲ್ಲ. ಒಳ್ಳೆಯ ನಿಯಮ, ತುಂಬಾ ತಡವಾಗಿ ಬಂತು. ಮುಂದಿನ ಸಲ ಕ್ಯಾಮೆರಾ ಹಿಡಿದು ಹೋಗುವವರು ಆ ಕಟ್ಟಡಗಳ ನೆಲಮಾಳಿಗೆಗೆ ಇಳಿಯಲಿ. ಬಾವಿಗೆ ನಿಜವಾಗಿಯೂ ಬೀಗ ಬಿದ್ದಿದೆಯಾ ನೋಡಿ ಬರಲಿ.