ಎಲ್ಲಿಗೆ ಹೋಗಕ್ಕೆ ಸಾ?

ನೀಟಾಗಿ ಬಟ್ಟೆ ಹಾಕಿಕೊಂಡವರನ್ನು ಯಾರಿಗೋಸ್ಕರ ಇಷ್ಟೆಲ್ಲಾ ಅಂತ ಕೇಳಿ ನೋಡಿ. ‘ನನ್ನ ಖುಷಿಗೆ’ ಅಂತಾರೆ. ಇದನ್ನು ನಂಬದ ಒಬ್ಬ ಮನುಷ್ಯ ಹಾಸನದಲ್ಲಿದ್ದಾನೆ. ನಮ್ಮ ಬೀದಿಯ ಇಸ್ತ್ರಿ ಅಂಗಡಿಯವನು.

ಗಂಟು ಬಿಚ್ಚುವ ಮೊದಲೇ ಕೇಳುತ್ತಾನೆ, ‘ಎಲ್ಲಿಗೆ ಹೋಗಕ್ಕೆ ಸಾ?’ ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಶರ್ಟು ನನ್ನದು, ಎಲ್ಲಿಗಾದರೂ ಹೋಗುತ್ತೇನೆ, ಇವನಿಗೇನು? ಆಮೇಲೆ ಗೊತ್ತಾಯಿತು, ಅದು ಕುತೂಹಲ ಅಲ್ಲ, ಲೆಕ್ಕಾಚಾರ. ಸಾಲ ಕೇಳಲು ಹೋಗುವವನಿಗೆ ಕಾಲರ್ ಮಾತ್ರ ಗಟ್ಟಿ, ಮಿಕ್ಕಿದ್ದೆಲ್ಲಾ ಮೆತ್ತಗೆ. ಪೂರ್ತಿ ಗರಿಗರಿ ಇದ್ದರೆ ಇವನಿಗ್ಯಾಕೆ ಸಾಲ ಅಂತಾರೆ, ಪೂರ್ತಿ ಮುದುಡಿದ್ದರೆ ಇವನೆಲ್ಲಿ ತೀರಿಸ್ತಾನೆ ಅಂತಾರೆ. ಕೊಟ್ಟ ಸಾಲ ವಸೂಲಿಗೆ ಹೋಗುವವನಿಗೆ ತೋಳಿನ ಮೇಲೆ ಕತ್ತಿಯಂಥ ಗೆರೆ. ತಿಥಿ ಊಟಕ್ಕೆ ಬರೀ ನೀರು ಚಿಮುಕಿಸಿ ಒಂದೇ ಸಲ ಎಳೆದರೆ ಸಾಕು. ಸತ್ತವರು ಆಸ್ತಿ ಬಿಟ್ಟು ಹೋಗಿದ್ದರೆ ಮಾತ್ರ ಗಂಜಿ ಹಾಕಬೇಕಂತೆ.

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅನ್ನೋದನ್ನು ನಾವು ಸುಮ್ನೆ ಗಾದೆ ಅಂದುಕೊಂಡಿದ್ದೆವು. ಅದು ಸರ್ಕಾರಿ ಸುತ್ತೋಲೆ ಸ್ವಾಮಿ.

ಹೋದ ವರ್ಷ ನಮ್ಮ ಪಹಣಿಯಲ್ಲಿ ಅಪ್ಪನ ಹೆಸರಿನ ಒಂದು ಅಕ್ಷರ ತಪ್ಪಾಗಿತ್ತು. ಶುಂಠಿ ಹೊಲದಿಂದ ನೇರ ಕಚೇರಿಗೆ ಹೋದೆ. ಮೊಣಕಾಲವರೆಗೆ ಕೆಸರು, ಮೊಣಕೈ ಹತ್ತಿರ ತೂತಾದ ಸ್ವೆಟರು. ಕೇಸ್ ವರ್ಕರ್ ತಲೆ ಎತ್ತದೆ ‘ನಾಳೆ ಬಾ’ ಅಂದರು. ನಾಳೆ ನಾಲ್ಕು ಸಲ ಬಂತು. ಐದನೇ ಸಲ ಯಾವುದೋ ಮದುವೆ ಊಟ ಮುಗಿಸಿ, ಬಿಳಿ ಶರ್ಟು ಬಿಳಿ ಪಂಚೆಯಲ್ಲೇ ಹೋಗಿಬಿಟ್ಟೆ. ಮೆಟ್ಟಿಲು ಹತ್ತುವಷ್ಟರಲ್ಲೇ ಇಬ್ಬರು ಎದ್ದು ನಿಂತರು. ಒಬ್ಬರು ಮನೆ ಸೈಟಿನ ಅರ್ಜಿ ಕೈಗೆ ಕೊಟ್ಟರು. ಒಬ್ಬ ಅಜ್ಜಿ ಪೆನ್ಷನ್ ನಿಂತುಹೋಗಿದೆ ಅಂತ ಕಣ್ಣೀರು ಹಾಕಿದರು. ನನಗೆ ಏನು ಹೇಳಬೇಕೋ ತೋಚದೆ ‘ನೋಡೋಣ’ ಅಂದೆ ನೋಡಿ, ಅಷ್ಟೇ, ನಾನು ಪೂರ್ತಿ ಲೀಡರ್ ಆಗಿಹೋದೆ. ಒಳಗೆ ಕುರ್ಚಿ ಬಂತು, ಟೀ ಬಂತು. ಅದೇ ಕೇಸ್ ವರ್ಕರ್, ‘ಇಷ್ಟು ಸಣ್ಣ ಕೆಲಸಕ್ಕೆ ನೀವ್ಯಾಕೆ ಬರಕ್ಕೋದ್ರಿ ಸಾರ್, ಯಾರಾದ್ರೂ ಹುಡುಗನ್ನ ಕಳಿಸಿದ್ರೆ ಆಗ್ತಿತ್ತು’ ಅಂದರು. ನಾನೂ ದೊಡ್ಡ ಮನುಷ್ಯನ ಗತ್ತಲ್ಲಿ ಎದ್ದು ಬಂದೆ, ಮಾರನೇ ದಿನ ಮಗನನ್ನು ಕಳಿಸಿದೆ. ಅವನು ಮಂಡಿ ಹರಿದ ಜೀನ್ಸ್ ಹಾಕಿಕೊಂಡು ಹೋಗಿದ್ದ. ನನ್ನ ಸ್ವೆಟರಿನ ತೂತು ತಾನಾಗೇ ಆಗಿದ್ದು, ಅವನ ಪ್ಯಾಂಟಿನ ತೂತಿಗೆ ಎರಡು ಸಾವಿರ ಕೊಟ್ಟಿದ್ದೆವು. ಕಚೇರಿಗೆ ಎರಡೂ ಒಂದೇ. ‘ನಾಳೆ ಬಾ’ ಅಂದರಂತೆ.

ಬೆಂಗಳೂರು ಇನ್ನೂ ಮುಂದೆ ಹೋಗಿದೆ ಬಿಡಿ, ಅಲ್ಲಿ ಬಾಗಿಲಲ್ಲೇ ತೀರ್ಮಾನ ಆಗುತ್ತೆ. 2024ರ ಫೆಬ್ರವರಿಯಲ್ಲಿ ರಾಜಾಜಿನಗರ ಮೆಟ್ರೊ ನಿಲ್ದಾಣದಲ್ಲಿ, ಟಿಕೆಟ್ ಕೈಯಲ್ಲಿದ್ದ ರೈತರೊಬ್ಬರನ್ನು ಬಟ್ಟೆ ನೋಡಿ ತಡೆದರು. ಅದೇ ವರ್ಷ ಜುಲೈನಲ್ಲಿ ಪಂಚೆ ಉಟ್ಟುಕೊಂಡು ಸಿನಿಮಾಕ್ಕೆ ಬಂದ ಇನ್ನೊಬ್ಬ ರೈತರನ್ನು ಒಂದು ಮಾಲ್ ಒಳಗೇ ಬಿಡಲಿಲ್ಲ. ವಿಧಾನಸಭೆಯಲ್ಲಿ ಗದ್ದಲ ಆಗಿ, ಮಾಲನ್ನು 7 ದಿನ ಮುಚ್ಚಿಸುತ್ತೇವೆ ಅಂತ ಸರ್ಕಾರ ಹೇಳಿತು. ಸಂತೋಷ. ನನ್ನ ತಲೆಗೆ ಹೊಳೆದದ್ದು ಇಷ್ಟೇ, ಸದನದಲ್ಲಿ ಇದ್ದದ್ದೂ ಪಂಚೆ, ಮಾಲ್ ಬಾಗಿಲಲ್ಲಿ ನಿಂತದ್ದೂ ಪಂಚೆ. ಅಲ್ಲಿಯದಕ್ಕೆ ಗಂಜಿ ಹಾಕಿತ್ತು.

ಉಲ್ಟಾ ವ್ಯವಹಾರವೂ ಇದೆ. ಬಿಪಿಎಲ್ ಕಾರ್ಡಿಗೆ ಮನೆಯ ವರ್ಷದ ಆದಾಯ 1.20 ಲಕ್ಷ ರೂಪಾಯಿ ದಾಟಬಾರದು, ಸ್ವಂತ ಓಡಾಟಕ್ಕೆ ಕಾರಿರಬಾರದು. ಚೆಕಿಂಗ್‌ಗೆ ಬರ್ತಾರಂತೆ ಅಂತ ಸುದ್ದಿ ಹಬ್ಬಿದರೆ ಸಾಕು, ಇಸ್ತ್ರಿ ಅಂಗಡಿ ಖಾಲಿ. ನಮಗೆ ತಿಳಿದ ಒಬ್ಬರು ಕಾರನ್ನು ಅರಸೀಕೆರೆಯ ಮಾವನ ಮನೆಗೆ ದಾಟಿಸಿ, ಅಟ್ಟದಿಂದ ಹಳೇ ಬನಿಯನ್ ಇಳಿಸಿ ಹಾಕಿಕೊಂಡು ಜಗಲಿ ಮೇಲೆ ಕೂತರು. ತೂತು ಸಾಲದು ಅಂತ ಅವರ ಹೆಂಡತಿ ಕತ್ತರಿ ತಂದು ಇನ್ನೆರಡು ಮಾಡಿಕೊಟ್ಟರು. ಆ ದಿನ ಯಾರೂ ಬರಲಿಲ್ಲ. ಮಧ್ಯಾಹ್ನ ಬ್ಯಾಂಕಿಗೆ ಹೋಗಬೇಕಿತ್ತು, ಹೊಸ ಕಾರಿನ ಲೋನಿಗೆ. ಇಸ್ತ್ರಿಯವನ ಹತ್ತಿರ ಓಡಿದರು, ‘ಅರ್ಜೆಂಟ್ ಕಣಪ್ಪಾ.’ ಬಡತನಕ್ಕೂ ಶ್ರೀಮಂತಿಕೆಗೂ ನಡುವೆ ಇದ್ದದ್ದು ಅರ್ಧ ಗಂಟೆ ಮತ್ತು ಒಂದು ಹಿಡಿ ಇದ್ದಿಲು.

ಸ್ವಂತ ಖುಷಿಗೆ ಅಲಂಕಾರ ಮಾಡಿಕೊಂಡವರು ಬೇಕಂದರೆ ನಮ್ಮ ಬೇಲೂರಿನ ದರ್ಪಣಸುಂದರಿ ಇದ್ದಾಳಲ್ಲ ಅಂತ ಒಬ್ಬರು ವಾದ ಮಾಡಿದರು. 1117ರಲ್ಲಿ ಶುರುವಾದ ಗುಡಿ, 900 ವರ್ಷದಿಂದ ಕನ್ನಡಿ ಕೆಳಗಿಟ್ಟಿಲ್ಲ, ಯಾರು ನೋಡಿದರೂ ನೋಡದಿದ್ದರೂ ಅವಳಿಗೆ ಪರಿವೆ ಇಲ್ಲ ಅಂದರು. ಇರಬಹುದು. ಆದರೆ ಅಲ್ಲಿನ 42 ಮದನಿಕೆಯರಲ್ಲಿ ಒಳಗಿರುವವರು ನಾಲ್ಕೇ ಜನ. ಮಿಕ್ಕ 38 ಜನರನ್ನು ಹೊರಗೋಡೆಯ ಸೂರಿನ ಕೆಳಗೆ, ಸುತ್ತು ಹಾಕುವವರ ಕಡೆಗೇ ಬಾಗಿಸಿ ನಿಲ್ಲಿಸಿದ್ದಾರೆ. ಕನ್ನಡಿಯವಳೂ ಹೊರಗೇ ಇದ್ದಾಳೆ. ಶಿಲ್ಪಿಗೂ ಗೊತ್ತಿತ್ತು ಅಂತ ಕಾಣುತ್ತೆ.

ಮೊನ್ನೆ ಪರೀಕ್ಷೆ ಮಾಡೋಣ ಅಂತ ನನ್ನ ಒಂದು ಒಳ್ಳೇ ಶರ್ಟು ತೆಗೆದುಕೊಂಡು ಹೋದೆ. ಹೆಂಡತಿ ಎರಡು ವರ್ಷದ ಹಿಂದೆ ತಂದಿದ್ದು, ಕಡು ನೀಲಿ, ಇನ್ನೂ ಒಂದು ಗುಂಡಿ ಸಡಿಲ ಆಗಿಲ್ಲ.

‘ಎಲ್ಲಿಗೆ ಹೋಗಕ್ಕೆ ಸಾ?’

‘ಎಲ್ಲಿಗೂ ಇಲ್ಲಪ್ಪ. ಮನೇಲೇ ಹಾಕ್ಕೊಂಡಿರೋಣ ಅಂತ.’

‘ಮನೆಗ್ಯಾರು ಬತ್ತವ್ರೆ?’

‘ಯಾರೂ ಬರಲ್ಲ. ಸುಮ್ನೆ, ನನಗೇ.’

ಅವನು ಪೆಟ್ಟಿಗೆ ಮುಚ್ಚಳ ತೆಗೆದು ಇದ್ದಿಲಿಗೆ ಒಂದು ಸಲ ಗಾಳಿ ಹಾಕಿದ. ನನ್ನನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ಶರ್ಟನ್ನು ಮಡಿಸಿ ಗಂಟುಗಳ ರಾಶಿಯ ತೀರಾ ಅಡಿಗೆ ತಳ್ಳಿದ.

‘ಹಂಗಾದ್ರೆ ಅರ್ಜೆಂಟ್ ಇಲ್ಲ ಬಿಡಿ ಸಾ. ಮುಂದಿನ ಶನಿವಾರ ಬನ್ನಿ.’