ತಲೆಗೆ 1 ರೂಪಾಯಿ 74 ಪೈಸೆ

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಕೇಂದ್ರ ಹಾಕಿಕೊಟ್ಟ ಗೆರೆ: ಜಿಲ್ಲೆಯೊಂದಕ್ಕೆ ವರ್ಷಕ್ಕೆ ಹೆಚ್ಚೆಂದರೆ 83.2 ಲಕ್ಷ ರೂಪಾಯಿ. 2011ರ ಜನಗಣತಿಯಂತೆ ಬೆಳಗಾವಿಯಲ್ಲಿ 47.79 ಲಕ್ಷ ಜನ. ಪೂರ್ತಿ ದುಡ್ಡು ಬಂದರೂ ತಲೆಗೆ 1 ರೂಪಾಯಿ 74 ಪೈಸೆ. ಬಾಗಲಕೋಟೆಯಲ್ಲಿ ಜನ ಕಡಿಮೆ, ಹೀಗಾಗಿ ತಲೆಗೆ 4 ರೂಪಾಯಿ 40 ಪೈಸೆ. ರಾಮದುರ್ಗದವರು ತಲೆ ಕೆಡಿಸಿಕೊಳ್ಳುವುದಿದ್ದರೆ ಬಾದಾಮಿಗೆ ಹೋಗಿ ಕೆಡಿಸಿಕೊಳ್ಳುವುದು ಲಾಭ.

ಸಂಬಳ, ಡೀಸೆಲ್, ಗುಳಿಗೆ, ತರಬೇತಿ, ಪ್ರಚಾರ ಎಲ್ಲವೂ ಆ ಪೈಸೆಯೊಳಗೇ. ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವುದು ಮಂಗಳವಾರ. ಕಾಯಿಲೆಗೂ ಆ ವಾರವನ್ನೇ ತಿಳಿಸಿದ್ದೇವೆ.

ಬಿಗಿ ವರ್ಷದಲ್ಲಿ ಮೊದಲು ಕತ್ತರಿ ಬೀಳುವುದು ಗುಳಿಗೆಗೆ. ಔಷಧ ಕೊಡುವ ಕಿಟಕಿಯಲ್ಲಿ ಮನೋರೋಗದ ಗುಳಿಗೆಯ ಚೀಟಿ ವಾಪಸ್ ಬರುತ್ತದೆ: "ರಿಸ್ಪೆರಿಡೋನ್ ಇಲ್ಲರೀ, ಹೊರಗ ತಗೋರಿ." ಮನೆಯವರು ಲೆಕ್ಕ ಹಾಕುತ್ತಾರೆ. ಹುಡುಗ ಈಗ ಕೂಗಾಡುತ್ತಿಲ್ಲ, ಊಟ ಮಾಡುತ್ತಾನೆ, ಗುಳಿಗೆ ಯಾಕೆ? ನಿಲ್ಲಿಸಿದ ಮರುದಿನ ಏನೂ ಆಗುವುದಿಲ್ಲ, ಮೋಸ ಇರುವುದೇ ಅಲ್ಲಿ. ಕೆಲವು ವಾರ, ಕೆಲವರಿಗೆ ಕೆಲವು ತಿಂಗಳು ಕಳೆದ ಮೇಲೆ ನಿದ್ದೆ ಕೆಡುತ್ತದೆ, ಸಂಶಯ ಮರಳುತ್ತದೆ, ಒಂದು ದಿನ ಧಾರವಾಡದ ಮಾನಸಿಕ ಆಸ್ಪತ್ರೆಗೆ ಜೀಪು ಹೊರಡುತ್ತದೆ. ಗುಳಿಗೆಯ ಉಳಿತಾಯ ಒಂದು ಖಾತೆಯಲ್ಲಿ, ಜೀಪಿನ ಡೀಸೆಲ್ ಇನ್ನೊಂದರಲ್ಲಿ. ಎರಡೂ ಖಾತೆ ಮುಖ ನೋಡಿಕೊಳ್ಳುವುದಿಲ್ಲವಾದ್ದರಿಂದ ಉಳಿತಾಯ ಉಳಿತಾಯವಾಗಿಯೇ ಉಳಿಯುತ್ತದೆ. ಅದೇ ಕಾಯಿಲೆಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಚುಚ್ಚುವ ಫ್ಲುಫೆನಾಜಿನ್ ಇದ್ದರೆ ದಿನಾ ಗುಳಿಗೆ ನುಂಗಿಸುವ ಜಗಳವೇ ಇಲ್ಲ. ಸ್ಟಾಕ್ ಇರಬೇಕು, ಸೂಜಿ ಹಾಕುವ ನರ್ಸಿನ ಗುತ್ತಿಗೆ ಮುಗಿದಿರಬಾರದು, ಅಷ್ಟೇ.

ಉನ್ಮಾದ, ಖಿನ್ನತೆ ಸರದಿಯಲ್ಲಿ ಬರುವ ಕಾಯಿಲೆಗೆ ಕೊಡುವ ಲಿಥಿಯಂ ಇನ್ನೂ ಸೂಕ್ಷ್ಮ. ರಕ್ತದಲ್ಲಿ ಲೀಟರಿಗೆ ಸುಮಾರು 0.6ರಿಂದ 1.2 ಮಿಲಿಮೋಲ್ ಇರಬೇಕು. ಏಪ್ರಿಲ್ ಬಿಸಿಲಲ್ಲಿ ಬೆವರಿ, ನೀರು ಕುಡಿಯದೆ ದುಡಿಯುವವನಿಗೆ ಅದೇ ಗುಳಿಗೆಯಿಂದ ಮಟ್ಟ ಏರುತ್ತದೆ, ವಾಂತಿ, ಕೈನಡುಕ ಶುರು. ಪರೀಕ್ಷೆ ಹೊರಗೆ ಮಾಡಿಸಿ ಎಂದರೆ ಆ ದಿನದ ಕೂಲಿಯೂ ಹೋಯಿತು.

1985ರಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ಮಾಡಿ ತೋರಿಸಿದ್ದು ಇಷ್ಟನ್ನೇ: ಅಗ್ಗದ ನಾಲ್ಕಾರು ಔಷಧ, ಊರ ಹತ್ತಿರದ ಆಸ್ಪತ್ರೆ, ನಿಲ್ಲದ ಪೂರೈಕೆ. 1996ರಲ್ಲಿ ಶುರುವಾಗಿ ದೇಶಕ್ಕೆ ಹಬ್ಬಿದ ಈ ಕಾರ್ಯಕ್ರಮಕ್ಕೆ ಅದೇ ಮಾದರಿ. ಮಾದರಿ ಚೆನ್ನಾಗಿಯೇ ಇದೆ.

ಪ್ರಚಾರದ ಲೆಕ್ಕಶೀರ್ಷಿಕೆಯಲ್ಲಿ ದುಡ್ಡು ಉಳಿದಿದ್ದರೆ ಅದನ್ನು ಗುಳಿಗೆಗೆ ಹಾಕುವಂತಿಲ್ಲ. ಅಕ್ಟೋಬರ್ 10ಕ್ಕೆ, ವಿಶ್ವ ಮಾನಸಿಕ ಆರೋಗ್ಯ ದಿನಕ್ಕೆ, ಜಾಥಾ ಮಾಡಿ, ಮಾರ್ಚ್ ಬಂದರೆ ಫ್ಲೆಕ್ಸ್ ಹಾಕಿಸಿ. "ಮಾತ್ರೆ ತಪ್ಪಿಸಬೇಡಿ" ಎಂದು ದಪ್ಪಕ್ಷರದಲ್ಲಿರಲಿ, ಔಷಧದ ಕಿಟಕಿಯ ಮೇಲೆಯೇ ಕಟ್ಟಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಕೂಡ ಬರೆಸಿ. ಕರೆ ಪುಕ್ಕಟೆ, ಕನ್ನಡದಲ್ಲೇ ಸಮಾಧಾನವಾಗಿ ಮಾತಾಡುತ್ತಾರೆ. ಗುಳಿಗೆ ಮಾತ್ರ ಫೋನಿನಿಂದ ಉದುರುವುದಿಲ್ಲ.

ಖರ್ಚಾದ ಮೇಲೆ ಬಳಕೆ ಪ್ರಮಾಣಪತ್ರ ಕಳಿಸಬೇಕು, ಇಲ್ಲದಿದ್ದರೆ ಮುಂದಿನ ಕಂತು ಬಾರದು. ಪ್ರಮಾಣಪತ್ರ ಬರೆಯುವವನ ಸಂಬಳ ಮುಂದಿನ ಕಂತಿನಲ್ಲಿದೆ.