ಸತ್ಯಾಂಶ: ದೊರೆ ಐದನೇ ಓಲಾವ್ ಗೆದ್ದ ಚಿನ್ನ ಸ್ಕೀಯಿಂಗ್‌ನದ್ದಲ್ಲ

ಸ್ಕೀಯಿಂಗ್ ಉಡುಪಿನಲ್ಲಿ ರೈಲಿನೊಳಗೆ ಕುಳಿತು ಟಿಕೆಟ್‌ಗೆ ಹಣ ಚಾಚುತ್ತಿರುವ ನಾರ್ವೆಯ ಅಂದಿನ ದೊರೆ ಐದನೇ ಓಲಾವ್ ಅವರ ಚಿತ್ರದೊಂದಿಗೆ, ‘ಇವರು ಸ್ಕೀಯಿಂಗ್‌ನಲ್ಲಿ ಒಲಿಂಪಿಕ್ ಚಿನ್ನ ಗೆದ್ದವರು’ ಎಂಬ ಸಂದೇಶ ಹರಿದಾಡುತ್ತಿದೆ. ಚಿತ್ರ ನಿಜ, ಒಕ್ಕಣೆ ತಪ್ಪು.

ಓಲಾವ್ ಯುವರಾಜರಾಗಿದ್ದಾಗ, 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದದ್ದು ಹಾಯಿದೋಣಿ ಸ್ಪರ್ಧೆಯ ಆರು ಮೀಟರ್ ವರ್ಗದಲ್ಲಿ, ತಂಡದೊಂದಿಗೆ. ಆದರೆ ಸ್ಕೀಯಿಂಗ್ ಅವರಿಗೆ ಹೊರಗಿನದೇನೂ ಆಗಿರಲಿಲ್ಲ: 1922 ಮತ್ತು 1923ರಲ್ಲಿ ಅವರು ಓಸ್ಲೋದ ಹೋಲ್ಮೆನ್‌ಕೋಲೆನ್ ಬೆಟ್ಟದ ಸ್ಕೀ ಜಿಗಿತದಲ್ಲಿ ಸ್ಪರ್ಧಿಸಿದ್ದರು, ದೊರೆಯ ಏಕೈಕ ಮಗ ಅಂಥ ಎತ್ತರದಿಂದ ಹಾರಿದ್ದು ಸಣ್ಣ ಮಾತಲ್ಲ. 1968ರಲ್ಲಿ ಅವರಿಗೆ ನಾರ್ವೆಯ ಸ್ಕೀಯಿಂಗ್‌ನ ಉನ್ನತ ಪುರಸ್ಕಾರವಾದ ಹೋಲ್ಮೆನ್‌ಕೋಲೆನ್ ಪದಕದ ಗೌರವವೂ ಸಂದಿತು.

ಆ ಚಿತ್ರ 1973ರ ಡಿಸೆಂಬರಿನದು. ತೈಲ ಬಿಕ್ಕಟ್ಟಿನಿಂದಾಗಿ ವಾರಾಂತ್ಯದಲ್ಲಿ ಕಾರು ಓಡಿಸುವುದಕ್ಕೆ ನಿರ್ಬಂಧವಿದ್ದ ಕಾರಣ, ಎಪ್ಪತ್ತರ ಆ ದೊರೆ ಹಿಮದ ಇಳಿಜಾರಿಗೆ ರೈಲಿನಲ್ಲೇ ಹೊರಟಿದ್ದರು.